ಹೊಗೆಯಿಲ್ಲದ ಹೋಟೆಲಿನ ಬಾಯ್ಲರ್

ನಾನು ಒಂದು ಬಾಯ್ಲರ್. ಸೌದೆ ತಿಂದು ಹಬೆ ಬಿಡುವ ಕಬ್ಬಿಣದ ಹೊಟ್ಟೆ. ನೀವು ನನ್ನನ್ನು ನೋಡಿರಲಿಕ್ಕಿಲ್ಲ, ಯಾರಿಗೂ ಕಾಣಬಾರದು ಅಂತಲೇ ನನ್ನಂಥವರನ್ನು ಹಿತ್ತಲಲ್ಲಿಡುವುದು. ಆದರೆ ನೀವು ಎಂದಾದರೂ ಒಳ್ಳೆಯ ಹೋಟೆಲಿನಲ್ಲಿ ರೂಮು ಹಿಡಿದು, ಹಾಲಿನಂಥ ಬಿಳೀ ಹಾಸಿಗೆಯ ಮೇಲೆ ದೊಪ್ಪನೆ ಬಿದ್ದು 'ಅಬ್ಬಾ' ಅಂದಿದ್ದರೆ, ಆ ಒಂದು ಅಬ್ಬಾಕ್ಕೆ ಮುಂಚೆ ನಾನೋ ನನ್ನ ಕುಲದ ಇನ್ನೊಬ್ಬನೋ ಎಲ್ಲೋ ಒಂದು ಕಡೆ ಹೊರೆ ಸೌದೆ ನುಂಗಿರುತ್ತೇವೆ. ನಿಮಗೆ ಹಾಸಿಗೆ ಗೊತ್ತು, ಹೊಟ್ಟೆ ಗೊತ್ತಿಲ್ಲ.

ನಾನು ಹುಟ್ಟಿದ್ದು ಪೀಣ್ಯದ ಒಂದು ಶೆಡ್ಡಿನಲ್ಲಿ. ದಪ್ಪ ಉಕ್ಕಿನ ತಗಡನ್ನು ರೋಲರಿಗೆ ಕೊಟ್ಟು ಬಗ್ಗಿಸಿದರು, ಅಂಚಿಗೆ ಅಂಚು ಕೂಡಿಸಿ ವೆಲ್ಡಿಂಗ್ ಹೊಡೆದರು. ಹೊಟ್ಟೆಯೊಳಗೆ ಉದ್ದುದ್ದ ಕೊಳವೆಗಳನ್ನು ಕೂರಿಸಿದರು. ಬೆಂಕಿಯ ಝಳ ಆ ಕೊಳವೆಗಳೊಳಗೆ ಓಡಬೇಕು, ಕೊಳವೆಗಳ ಸುತ್ತ ನೀರು ಕುದಿಯಬೇಕು, ಇಷ್ಟೇ ನನ್ನ ಬಾಳು. ತಣ್ಣೀರು ತುಂಬಿಸಿ ಒತ್ತಡ ಕೊಟ್ಟು ಸುತ್ತಿಗೆಯಲ್ಲಿ ಟಣ್ ಟಣ್ ಬಡಿದು ನೋಡಿದರು. ಎಲ್ಲೂ ಬೆವರಲಿಲ್ಲ. ಎದೆಗೆ ನಂಬರ್ ಕೊರೆದು, ಮೈಗೆ ಬೆಳ್ಳಿ ಬಣ್ಣ ಬಳಿದರು. ವೆಲ್ಡಿಂಗ್ ಮಾಡಿದವನು ಬೆನ್ನಿಗೊಂದು ಏಟು ಹಾಕಿ, "ಹೋಗಪ್ಪಾ, ಯಾವ ಪುಣ್ಯಾತ್ಮನ ಹಿತ್ಲಿಗೆ ಬರ್ದೈತೋ ನಿನ್ನ" ಅಂದ.

ಬರೆದಿದ್ದು ಮೈಸೂರಿನ ಸಿರಿಮಹಲ್ ಹೋಟೆಲಿನ ಹಿತ್ತಲಿಗೆ. ಮುಂದೆ ಕಮಾನು, ಕಾರಂಜಿ, ಪೇಟ ಕಟ್ಟಿದ ಬಾಗಿಲು ಕಾಯುವವನು. ಹಿಂದೆ ಅಡುಗೆಮನೆಯ ಗೋಡೆ ದಾಟಿದರೆ ನಾನು. ನನ್ನ ಹಬೆಯಿಂದ ಒಗೆಯುವ ಮೆಷಿನ್ನಿಗೆ ಬಿಸಿನೀರು, ಒಣಗಿಸುವ ಮೆಷಿನ್ನಿಗೆ ಶಾಖ, ಇಸ್ತ್ರಿ ರೋಲರಿಗೆ ಕಾವು. ಒಂದು ರಾತ್ರಿ ಮಲಗಿ ಎದ್ದ ಹಾಸನ್ನು, ಕೊಳೆಯೇ ಆಗದಿದ್ದರೂ, ಮಾರನೇ ದಿನ ಕುದಿಸಿ ಒಗೆಯಬೇಕು. ಮೂರು ದಿಂಬಿದ್ದರೆ ಮೂರೂ ಕವರು, ತಲೆ ಇಟ್ಟಿದ್ದು ಒಂದಕ್ಕೇ ಆದರೂ. ನಾನು ಕೇಳುವವನಲ್ಲ, ತಿನ್ನುವವನು. ತಿಂದೆ. ನೀಲಗಿರಿ ತಿಂದೆ, ಸರ್ವೆ ತಿಂದೆ, ಹುಣಸೆ ಬೊಡ್ಡೆ ತಿಂದೆ, ಯಾರದೋ ತೋಟದ ಮುರಿದ ಮಾವಿನ ಮರ ತಿಂದೆ.

ನನಗೆ ತಿನ್ನಿಸುತ್ತಿದ್ದವನು ಮರಿಸ್ವಾಮಿ. ಊರಾಚೆ ಚಿಕ್ಕೆರೆ ಕೊಪ್ಪಲಿನ ಮಡಿವಾಳರವನು. ತಾತ ಕೆರೆಯಲ್ಲಿ ಬಟ್ಟೆ ಒಗೆದ, ಅಪ್ಪ ಕೆರೆಯಲ್ಲಿ ಒಗೆದ. ಇವನು ಮಾತ್ರ ಬಾಯ್ಲರ್ ಪರೀಕ್ಷೆ ಪಾಸು ಮಾಡಿ ಹೋಟೆಲಿಗೆ ಬಂದು ನೀರಿಗಿಳಿಯದೆ ಬಚಾವಾದ. ಗಾಜಿನ ನಳಿಗೆಯಲ್ಲಿ ನನ್ನೊಳಗಿನ ನೀರಿನ ಮಟ್ಟ ನೋಡುವುದು, ಬಾಗಿಲು ತೆಗೆದು ಸೌದೆ ಎಸೆಯುವುದು, ಬೂದಿ ಎಳೆಯುವುದು. ಹೆಂಡತಿಯ ಮೇಲೆ ಕೋಪ ಬಂದ ದಿನ ಸೌದೆ ಸ್ವಲ್ಪ ಜೋರಾಗಿ ಬೀಳುತ್ತಿತ್ತು, ಅಷ್ಟೆ. ಆಯುಧಪೂಜೆಗೆ ನನ್ನ ಮುಖಕ್ಕೆ ವಿಭೂತಿ ಬಳಿದು, ಬೂದುಗುಂಬಳ ಒಡೆದು, "ಸಿಡೀಬೇಡ ಕಣಪ್ಪಾ" ಅಂತ ಕೈ ಮುಗಿಯುತ್ತಿದ್ದ. ಅದೊಂದು ದಿನ ಯಾರಾದರೂ ನನ್ನ ಮುಖ ನೋಡುತ್ತಿದ್ದರು.

ಹೀಗೇ ವರ್ಷಗಳು ಹೋದವು. ಆಮೇಲೆ ಹೋಟೆಲಿನವರು ಹಿಂದುಗಡೆ ಈಜುಕೊಳ ಕಟ್ಟಿಸಿದರು. ನೀಲಿ ನೀರಿನ ಮೇಲೆ ನನ್ನ ಮಸಿ ತೇಲಿತು. ಯಾರೋ ಅತಿಥಿಗಳ ಬೆನ್ನಿಗೆ ಅಂಟಿತು. ಅಲ್ಲಿಯವರೆಗೂ ನಾನೊಬ್ಬ ಇದ್ದೇನೆಂದು ಯಾರಿಗೂ ನೆನಪಿರಲಿಲ್ಲ. ಒಂದು ಬೆಳ್ಳಗಿನ ಬೆನ್ನಿಗೆ ಕಪ್ಪು ತಾಗಿದ್ದೇ ತಡ, ನಾನು ದೊಡ್ಡ ತಲೆನೋವಾದೆ.

ಅದೇ ಹೊತ್ತಿಗೆ ಇನ್ನೊಂದು ಗಾಳಿ ಎದ್ದಿತು. ಮೀಟಿಂಗಿಗೆ ಬರುವ ದೊಡ್ಡ ದೊಡ್ಡ ಕಂಪನಿಗಳವರು, 'ನಿಮ್ಮ ಹೋಟೆಲು ಹಸಿರು ಹೋಟೆಲೋ ಅಲ್ಲವೋ? ಹೊಗೆ ಎಷ್ಟು?' ಎಂದು ಕೇಳತೊಡಗಿದರು. ಅವರಿಗೂ ಲೆಕ್ಕ ತೋರಿಸಬೇಕಂತೆ. ಅವರ ಕಂಪನಿಯಲ್ಲೂ ಹೊಗೆ ಇಲ್ಲವಂತೆ, ಕುರ್ಚಿ ಮತ್ತು ಕಂಪ್ಯೂಟರ್ ಮಾತ್ರ ಇದೆಯಂತೆ. ಅವರ ಹೊಗೆಯನ್ನು ಯಾವ ಊರಿನ ಹಿತ್ತಲಲ್ಲಿ ಬಚ್ಚಿಟ್ಟಿದ್ದರೋ, ನನಗೆ ಹೇಗೆ ಗೊತ್ತಾಗಬೇಕು?

ಮ್ಯಾನೇಜರ್ ಸಂದೇಶ್ ಒಂದು ದಿನ ಕರ್ಚೀಫು ಮೂಗಿಗೆ ಹಿಡಿದು ನನ್ನ ಮುಂದೆ ಬಂದು ನಿಂತರು. ಜೊತೆಗೆ ಪುರುಷೋತ್ತಮ ಅನ್ನುವ ಕಾಂಟ್ರಾಕ್ಟರು.

"ನೋಡಿ ಪುರುಷೋತ್ತಮ್, ನಮ್ದು ಫ್ಯಾಕ್ಟರಿ ಅಲ್ಲ. ನಾವೇನು ಸಿಮೆಂಟ್ ಮಾಡ್ತೀವಾ, ಕಬ್ಬಿಣ ಮಾಡ್ತೀವಾ? ನಮ್ದು ಸರ್ವಿಸ್. ಸರ್ವಿಸ್‌ಗೆ ಎಲ್ಲಿಂದ ಬರುತ್ತೆ ಹೊಗೆ?"

"ನಿಜ ಸಾರ್."

"ಈ ಲಾಂಡ್ರಿನ ನೀವೇ ಎತ್ಕೊಂಡು ಹೋಗಿ. ಮೆಷಿನ್ನು, ಈ ಭೂತ, ಇವ್ನು, ಎಲ್ಲಾ. ಹೊರಗೆ ಎಲ್ಲಾದ್ರೂ ಇಟ್ಕೊಳ್ಳಿ. ಬಟ್ಟೆ ಕಳಿಸ್ತೀವಿ, ಒಗೆದು ಕಳಿಸಿ."

'ಇವ್ನು' ಅಂದದ್ದು ಮರಿಸ್ವಾಮಿಗೆ. ಮೆಷಿನ್ನುಗಳ ನಡುವೆ ಅವನನ್ನೂ ಸೇರಿಸಿ ಒಂದೇ ಉಸಿರಿಗೆ ಮಾರಿದರು. ಆದರೆ ಪಾಪದವನು ಅವನು, ಅದನ್ನು ಹಿಡಿಯಲೇ ಇಲ್ಲ. ಹಲ್ಲು ಬಿಟ್ಟುಕೊಂಡು, "ಸಾರ್, ನಮ್ ಕೊಪ್ಪಲ್ ತಾವ ಜಾಗ ಖಾಲಿ ಬಿದ್ದೈತೆ ಸಾರ್, ಕೆರೆ ನೀರೂ ಐತೆ" ಅಂದ. ಮನೆಯ ಪಕ್ಕಕ್ಕೇ ಕೆಲಸ ಬರುತ್ತದಲ್ಲ, ಸೈಕಲ್ ತುಳಿಯುವುದು ತಪ್ಪುತ್ತದಲ್ಲ ಅನ್ನುವ ಖುಷಿ ಅವನಿಗೆ.

ನನ್ನನ್ನು ಕ್ರೇನಿನಲ್ಲಿ ಎತ್ತಿ ಲಾರಿಗೆ ಹಾಕಿ ಕೊಪ್ಪಲಿಗೆ ಸಾಗಿಸಿದರು. ನಾನಿದ್ದ ಜಾಗಕ್ಕೆ ಹುಲ್ಲು ಹಾಸಿ ಕಲ್ಲಿನ ಬೆಂಚು ಇಟ್ಟರು. ಮರಿಸ್ವಾಮಿ ಕೊನೆಯ ಸಂಬಳಕ್ಕೆಂದು ಹೋದಾಗ ಹೋಟೆಲಿನ ಮುಂಬಾಗಿಲಲ್ಲಿ ಹಿತ್ತಾಳೆಯ ಫಲಕ ನೋಡಿ ಬಂದ. ಎಲೆಯ ಚಿತ್ರ, ಕೆಳಗೆ 'ಹಸಿರು ಹೋಟೆಲ್'. ರೂಮು ರೂಮಿನಲ್ಲೂ ಒಂದು ಚೀಟಿಯಂತೆ: ದಯವಿಟ್ಟು ಟವೆಲನ್ನು ಮತ್ತೊಮ್ಮೆ ಬಳಸಿ, ಭೂಮಿಯನ್ನು ಉಳಿಸಿ.

ನೀವೇ ಹೇಳಿ. ಅದೇ ನಾನು. ಅವೇ ಮೆಷಿನ್ನು. ಅವೇ ಹಾಸು. ತಿನ್ನುವುದು ಅದೇ ನೀಲಗಿರಿ. ಸಾಲದ್ದಕ್ಕೆ ಈಗ ದಿನಕ್ಕೆರಡು ಸಲ ಬಟ್ಟೆ ಹೊತ್ತು ಓಡಾಡುವ ಡೀಸೆಲ್ ವ್ಯಾನು ಬೇರೆ. ಹೊಗೆ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಆದರೂ ಹೋಟೆಲಿನ ಹೊಗೆ ಸೊನ್ನೆಯಾಯಿತು! ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸಿದರೆ ಜನ ಜಡೆ ಹಿಡಿದು ಜಗಳವಾಡುತ್ತಾರೆ. ಹೊಗೆಯನ್ನು ಗುಡಿಸಿದರೆ ಫಲಕ ಕೊಡುತ್ತಾರೆ.

ಪಕ್ಕದ ಮನೆ ಯಾರದು ಅಂತ ಕೇಳಿ.

ಚಿಕ್ಕೆರೆಯ ಅಂಗಳದಲ್ಲಿ ಒಂದು ಬಯಲು. ಬಿದಿರು ಗಳುಗಳನ್ನು ಕತ್ತರಿಯಂತೆ ನಿಲ್ಲಿಸಿ, ಎರಡೆಳೆ ಹುರಿ ಹಾಕಿದ ಹಗ್ಗಗಳನ್ನು ಬಿಗಿದಿದ್ದರು. ಆ ಹುರಿಯ ಸಂದಿಗೆ ಬಟ್ಟೆಯ ತುದಿ ತುರುಕಿದರೆ ಸಾಕು, ಎಂಥ ಗಾಳಿಗೂ ಬೀಳುವುದಿಲ್ಲ, ಕ್ಲಿಪ್ಪು ಬೇಡ. ಬಟ್ಟೆಗೆ ಸೋಡ ಹಾಕಿ ಹಬೆಯಲ್ಲಿ ಬೇಯಿಸುವ ಉಬ್ಬೆಗೆ ಒಂದಿಷ್ಟು ಪುಳ್ಳೆ ಉರಿಸುತ್ತಿದ್ದರು, ಸುಳ್ಳೇಕೆ ಹೇಳಲಿ, ಒಂದು ಮದುವೆಮನೆ ಒಲೆಯಷ್ಟು. ಮಿಕ್ಕಿದ್ದೆಲ್ಲ ನೀರು, ತೋಳು, ಬಿಸಿಲು. ಆ ಬಯಲಿನ ಯಜಮಾನಿ ಅಂತ ಯಾರೂ ಇರಲಿಲ್ಲ. ಆದರೆ ಎಲ್ಲರೂ ಮಾತು ಕೇಳುತ್ತಿದ್ದುದು ಚಿಕ್ಕತಾಯಮ್ಮನದು. ಮರಿಸ್ವಾಮಿಯ ಅಕ್ಕ. ಗಂಡ ಸತ್ತ ಮೇಲೆ ಆ ಹಗ್ಗಗಳ ಮೇಲೇ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿ, ಒಬ್ಬಳ ಮದುವೆ ಮಾಡಿದವಳು. ನರ್ಸಿಂಗ್ ಹೋಮಿನ ಹಾಸು, ಹಾಸ್ಟೆಲಿನ ಹೊದಿಕೆ, ಛತ್ರದ ಜಮಖಾನ ಎಲ್ಲ ಅವಳ ಹಗ್ಗಕ್ಕೆ ಬರುತ್ತಿದ್ದವು.

ನನ್ನ ಚಿಮಣಿಗೂ ಆ ಬಯಲಿಗೂ ನಡುವೆ ಒಂದು ತಂತಿಬೇಲಿ. ಪುರುಷೋತ್ತಮ ಚಿಮಣಿಯನ್ನು ಗಿಡ್ಡವಾಗಿಯೇ ನಿಲ್ಲಿಸಿದ್ದ. ಹೋಟೆಲಿನಲ್ಲಾದರೆ ಅತಿಥಿಗಳಿರುತ್ತಾರೆ, ಇಲ್ಲಿ ಯಾರಿದ್ದಾರೆ ಅಂತ.

ಮೊದಲ ದಿನವೇ ಅವಳು ಬೇಲಿಯ ಹತ್ತಿರ ಬಂದು, ಸೊಂಟದ ಮೇಲೆ ಕೈಯಿಟ್ಟು, ಗದ್ದ ಎತ್ತಿ ನನ್ನನ್ನು ತೋರಿಸಿದಳು.

"ಏನ್ಲಾ ಮರಿ, ನಿಮ್ಮ ಮಾವ ಬಂದಾಗಿಂದ ಒಂದೇ ಸಮ ಕೆಮ್ತಾವ್ನಲ್ಲ, ಕಸಾಯನಾದ್ರೂ ಕುಡ್ಸು."

"ಸೌದೆ ವಸಿ ಹಸಿ ಕಣಕ್ಕ. ಒಣಗುದ್ರೆ ಸರಿಹೋಯ್ತದೆ."

"ಅಂಗಾರೆ ನಿಮ್ಮ ಸೌದೆ ಒಣಗೋಗಂಟ ನಮ್ಮ ಬಟ್ಟೆ ಒಣಗ್ಬಾರ್ದಾ? ಬಾ ಇಲ್ಲಿ, ನೋಡು. ನರ್ಸಿಂಗ್ ಹೋಮ್ನೋರ ಹಾಸಿನ ಮ್ಯಾಲೆ ಎಳ್ಳು ಚೆಲ್ದಂಗೈತೆ. ತಿಥಿ ಯಾರ್ದು ಅಂತ ಕೇಳ್ತಾರೆ."

ಮರಿಸ್ವಾಮಿ ನಕ್ಕ. ಅವಳೂ ನಕ್ಕಳು. ಆಗಿನ್ನೂ ನಗು ಇತ್ತು.

ಆಮೇಲೆ ಛತ್ರದವರು ಜಮಖಾನ ಕಳಿಸುವುದನ್ನು ನಿಲ್ಲಿಸಿದರು. ಆಮೇಲೆ ಹಾಸ್ಟೆಲು. ಕೊನೆಗೆ ನರ್ಸಿಂಗ್ ಹೋಮಿನವರು, 'ಚಿಕ್ಕತಾಯಮ್ಮ, ನಿನ್ನ ಬಟ್ಟೆಯಲ್ಲಿ ಮಸಿ ಇರುತ್ತೆ ಕಣಮ್ಮ' ಅಂದರು. ಅವರೆಲ್ಲ ಆಮೇಲೆ ಬಟ್ಟೆ ಯಾರಿಗೆ ಕೊಟ್ಟರು ಗೊತ್ತೇ? ಪುರುಷೋತ್ತಮನ ಲಾಂಡ್ರಿಗೆ. ನನಗೆ. ಮಸಿ ಬೀಳಿಸಿದವನೂ ನಾನೇ, ಮಸಿಯಿಲ್ಲದೆ ಒಗೆದು ಕೊಡುವವನೂ ನಾನೇ. ಇದಕ್ಕೆ ವ್ಯಾಪಾರ ಅನ್ನುತ್ತಾರೆ. ಬಿಸಿಲಿಗೆ ಒಣಗುತ್ತಿದ್ದ ಬಟ್ಟೆಯೆಲ್ಲ ಬೆಂಕಿಗೆ ಒಣಗತೊಡಗಿತು. ನನ್ನ ಊಟ ಹೆಚ್ಚಾಯಿತು. ಸೌದೆ ಒಟ್ಟಲು ಜಾಗ ಸಾಲದಾಯಿತು. ಪುರುಷೋತ್ತಮನ ಕಣ್ಣು ಬೇಲಿಯಾಚೆಗೆ ಹೊರಳಿತು. ಬಯಲು ಪಂಚಾಯಿತಿಯದು. ಗುತ್ತಿಗೆಗೆ ಕೇಳಿ ಅರ್ಜಿ ಹಾಕಿದ.

ಚಿಕ್ಕತಾಯಮ್ಮ ಪಂಚಾಯಿತಿಗೆ ಅಲೆದಳು. ಅವರು, "ಎಲ್ಲಮ್ಮಾ, ಹಗ್ಗ ಖಾಲಿ ಹೊಡೀತಾವೆ, ಜಾಗ ಸುಮ್ನೆ ಬಿದ್ದಿದೆ" ಅಂದರು. ಖಾಲಿ ಮಾಡಿಸಿದವರು ಯಾರು ಅಂತ ಅವರು ಕೇಳಲಿಲ್ಲ. ನನಗಂತೂ ಬಾಯಿ ತುಂಬ ಕಟ್ಟಿಗೆ.

ಆ ವರ್ಷ ದಸರಾ ಇನ್ನೇನು ಬಂತು ಅನ್ನುವಾಗ ನನ್ನ ಹೊಟ್ಟೆಯೇ ಕೈ ಕೊಟ್ಟಿತು. ವರ್ಷಕ್ಕೊಮ್ಮೆ ನಮ್ಮಂಥವರನ್ನು ಆರಿಸಿ, ತಣ್ಣಗೆ ಮಾಡಿ, ಬಿಚ್ಚಿ, ಒಳಗಿನ ಸುಣ್ಣದ ಪದರ ಕೆತ್ತಿ, ಇನ್ಸ್‌ಪೆಕ್ಟರಿಗೆ ತೋರಿಸಬೇಕು. ಪುರುಷೋತ್ತಮ ಅದನ್ನು ಮುಂದೂಡುತ್ತಲೇ ಬಂದಿದ್ದ. ಈ ಸಲ ಇನ್ಸ್‌ಪೆಕ್ಟರು ಬಂದವರೇ ಮೀಟರು ನೋಡಿ, ಕೊಳವೆಯ ತುದಿಯಲ್ಲಿ ಜಿನುಗುತ್ತಿದ್ದ ನೀರು ನೋಡಿ, "ಆರ್ಸ್ರೀ ಇದನ್ನ. ರಿಪೇರಿ ಆಗಿ ನಾನು ನೋಡೋವರೆಗೂ ಬೆಂಕಿ ಹಾಕೋ ಹಾಗಿಲ್ಲ" ಅಂದುಬಿಟ್ಟರು. ಅತ್ತ ಸಿರಿಮಹಲ್ ಅಟ್ಟದವರೆಗೂ ತುಂಬಿದೆ. ಕೊಳೆ ಬಟ್ಟೆ ಹೊತ್ತ ವ್ಯಾನು ಬಾಗಿಲಿಗೆ ಬಂದು ನಿಂತಿದೆ. ಪುರುಷೋತ್ತಮ ತಲೆಯ ಮೇಲೆ ಕೈ ಹೊತ್ತು ಕೂತ. ಆಮೇಲೆ ಎದ್ದು, ಜೀವನದಲ್ಲಿ ಮೊದಲ ಸಲ, ಬೇಲಿ ದಾಟಿ ಹೋದ.

"ಚಿಕ್ಕತಾಯಮ್ಮ, ಈ ಹಬ್ಬ ಒಂದು ದಾಟಿಸಿಕೊಡಬೇಕು ನೀವು."

"ಓಹೋಹೋ! ಹೊತ್ತು ಯಾವ ಕಡೆ ಹುಟ್ತು ಇವತ್ತು? ನಿಮ್ಮ ಬಾಯ್ಲರ್ರಪ್ಪನಿಗೇನಾಯ್ತು, ಮೈಲಿಗೆನಾ?"

"ತಮಾಷೆ ಬೇಡಮ್ಮ. ಕೂಲಿ ಕೊಡ್ತೀನಿ."

"ಕೂಲಿ ಎಲ್ರೂ ಕೊಡ್ತಾರೆ. ನಂಗೆ ಈ ಬಯ್ಲು ಬೇಕು. ಇಲ್ಲಿ ಸೌದೆ ಒಟ್ಬಾರ್ದು. ಅರ್ಜಿ ವಾಪಸ್ ತಕ್ಕಳಿ."

ಪುರುಷೋತ್ತಮ ಕೆರೆಯ ಕಡೆ ನೋಡಿದ, ಹಗ್ಗಗಳ ಕಡೆ ನೋಡಿದ. ಅವನ ತಲೆಯೂ ಓಡಿರಬೇಕು.

"ಆಯ್ತಮ್ಮ. ಹೋಟೆಲಿನವರು ನಿಮ್ಮ ಒಗೆತ ಒಪ್ಪಿಬಿಟ್ರೆ ಅರ್ಜಿ ವಾಪಸ್ ತಗೋತೀನಿ. ಬಿಸಿಲಿನ ತಿಂಗಳಲ್ಲಿ ಅಷ್ಟೂ ಹಾಸು ನಿಮ್ಮ ಹಗ್ಗದ ಮೇಲೇ ಒಣಗಲಿ. ನನಗೂ ಅರ್ಧ ಸೌದೆ ಉಳಿಯುತ್ತೆ. ಒಪ್ಪಲಿಲ್ಲ ಅಂದ್ರೆ ನನ್ನ ಕೇಳಬೇಡಿ."

"ಒಪ್ದೆ ಏನು? ನಮ್ಮಪ್ಪನ ಕೈಲಿ ಒಗಸ್ಕೊಂಡಿರೋ ಊರಿದು" ಅಂದಳು ಅವಳು, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.

ಆ ದಿನಗಳನ್ನು ನಾನು ಹೇಳಲೇಬೇಕು. ನನ್ನ ಎದುರಿನ ಬಾಗಿಲು ಬಿಚ್ಚಿ ಪಕ್ಕಕ್ಕಿಟ್ಟಿದ್ದರು. ಮರಿಸ್ವಾಮಿ ನನ್ನ ಹೊಟ್ಟೆಯೊಳಗೆ ತೆವಳಿ, ತಲೆಗೊಂದು ಬಟ್ಟೆ ಸುತ್ತಿಕೊಂಡು, ಹೊತ್ತು ಹುಟ್ಟಿದಾಗಿನಿಂದ ಮುಳುಗುವವರೆಗೂ ಸುಣ್ಣ ಕೆತ್ತುತ್ತಿದ್ದ. ನಾನು ತಣ್ಣಗಿದ್ದೆ. ತೆರೆದ ಬಾಯಿಂದ ಬಯಲು ಕಾಣುತ್ತಿತ್ತು. ಕೊಪ್ಪಲಿನ ಅಷ್ಟೂ ಹೆಂಗಸರು ನೀರಿನಲ್ಲಿ. ಗಂಡಸರು ಉಬ್ಬೆಯ ಹತ್ತಿರ. ಹಗ್ಗದಿಂದ ಹಗ್ಗಕ್ಕೆ ಬಿಳೀ ಹಾಸು, ಗಾಳಿ ಬಂದರೆ ಬಯಲೇ ಎದ್ದು ಹಾರಿಹೋಗುವಂತೆ. ಆಕಾಶದಲ್ಲಿ ನನ್ನ ಹೊಗೆ ಇರಲಿಲ್ಲ. ಒಂದು ಹಾಸಿನ ಮೇಲೂ ಒಂದು ಕಪ್ಪು ಚುಕ್ಕಿ ಬೀಳಲಿಲ್ಲ. ಬಟ್ಟೆ ಒಣಗಿಸುವುದಕ್ಕೆ ನಾನು ಬೇಕಾಗಿಯೇ ಇರಲಿಲ್ಲ ಅಂತ ಆವತ್ತು ನನಗೆ ಗೊತ್ತಾಯಿತು. ಗೊತ್ತಾಗಿ ಏನು ಮಾಡಲಿ, ಕಬ್ಬಿಣ ನಾನು.

ಆ ಜನರದ್ದೊಂದು ಕಟ್ಟಳೆ ಇದೆ. ಗುರುತಿಲ್ಲದ ಬಟ್ಟೆ ನೀರಿಗಿಳಿಯಬಾರದು. ಹತ್ತು ಮನೆಯವರು ಒಂದೇ ಕೆರೆಯಲ್ಲಿ ಒಗೆಯುವಾಗ ಯಾರದು ಯಾರಿಗೆ ಹೋಯಿತು ಅಂತ ಜಗಳ ಬರಬಾರದಲ್ಲ, ಅದಕ್ಕೆ. ಕರಿಗೇರು ಅಂತ ಒಂದು ಕಾಯಿ. ಸೂಜಿ ಚುಚ್ಚಿದರೆ ಕಪ್ಪು ರಸ ಬರುತ್ತದೆ. ಬಟ್ಟೆಯ ಮೂಲೆಗೆ ಅದನ್ನು ತಾಗಿಸಿ ಮೇಲೆ ಸುಣ್ಣ ಒತ್ತಿದರೆ, ಬಟ್ಟೆ ಚಿಂದಿಯಾದರೂ ಗುರುತು ಹೋಗುವುದಿಲ್ಲ. ಒಂದೊಂದು ಮನೆಗೆ ಒಂದೊಂದು ಗುರುತು. ಒಂದು ಮನೆಯದು ಕತ್ತರಿ, ಇನ್ನೊಂದರದ್ದು ಗೆರೆ. ಚಿಕ್ಕತಾಯಮ್ಮನ ಮನೆಯದು ಮೂರು ಚುಕ್ಕಿ. ಅಷ್ಟು ಹಾಸು ಹತ್ತು ಮನೆಗೆ ಹಂಚಿಹೋಗುವಾಗ, ಯಾರೂ ಹೇಳದೆಯೇ, ಯಾರನ್ನೂ ಕೇಳದೆಯೇ, ಹೆಂಗಸರು ಸಾಲಾಗಿ ಕೂತು ಮೂಲೆ ಮೂಲೆಗೂ ಗುರುತು ಹಾಕಿದರು. ಕೂಸಿಗೆ ದೃಷ್ಟಿಬೊಟ್ಟು ಇಡುವ ಹಾಗೆ, ಅಷ್ಟು ನಾಜೂಕಾಗಿ. ಹೋಟೆಲಿನವರಿಗೆ ಅದು ಆಗಿಬರುವುದಿಲ್ಲ ಅಂತ ಹೇಳಬಹುದಾಗಿದ್ದವನು ಮರಿಸ್ವಾಮಿ ಒಬ್ಬ. ಅವನು ನನ್ನ ಹೊಟ್ಟೆಯೊಳಗಿದ್ದ, ಸುತ್ತಿಗೆಯ ಸದ್ದಿನಲ್ಲಿ ಅವನಿಗೆ ಹೊರಗಿನದೊಂದೂ ಕೇಳುತ್ತಿರಲಿಲ್ಲ.

ಕೆಂಡದ ಇಸ್ತ್ರಿಪೆಟ್ಟಿಗೆಯಲ್ಲಿ ತೀಡಿ, ಮಡಿಸಿ, ವ್ಯಾನಿಗೆ ಹಾಕಿದರು. ಡ್ರೈವರು ವಾಪಸು ಬಂದು, "ರೂಮ್ ಗುಡ್ಸೋ ಹೆಂಗಸ್ರು ಒಬ್ಬೊಬ್ರೂ ಹಾಸು ಎತ್ತಿ ಮೂಸಿ ನೋಡ್ತಾವ್ರೆ ಚಿಕ್ಕವ್ವ, ಅದೇನ್ ಹಾಕಿದ್ರಿ ಸೆಂಟು?" ಅಂದ.

"ಬಿಸ್ಲು ಹಾಕಿದ್ವಿ ಕಣ್ಲಾ" ಅಂದಳು ಅವಳು.

ಇನ್ಸ್‌ಪೆಕ್ಟರು ನನ್ನನ್ನು ಪಾಸು ಮಾಡಿದ ದಿನ, ಮರಿಸ್ವಾಮಿ ಮೊದಲ ಸೌದೆ ಇಡುತ್ತಿರುವಾಗಲೇ ಹೋಟೆಲಿನ ಕಾರು ಬಂತು. ಮ್ಯಾನೇಜರ್ ಸಂದೇಶ್ ಇಳಿದರು. ಹಿಂದಿನಿಂದ ವ್ಯಾನು, ವ್ಯಾನಿನ ತುಂಬ ಅವೇ ಹಾಸುಗಳು. ಸಂದೇಶ್ ಒಂದು ಹಾಸಿನ ಮೂಲೆ ಹಿಡಿದು ಪುರುಷೋತ್ತಮನ ಮೂಗಿಗೆ ಹಿಡಿದರು.

"ಏನ್ರೀ ಇದು? ಗೆಸ್ಟ್ ಒಬ್ಬರು ಫೋಟೋ ತೆಗೆದು ಹಾಕಿದಾರೆ, ಸಿರಿಮಹಲ್‌ನಲ್ಲಿ ತಿಗಣೆ ಅಂತ! ದಸರಾ ಟೈಮಲ್ಲಿ ರೂಮು ಕ್ಯಾನ್ಸಲ್ ಆಗ್ತಿದೆ ಗೊತ್ತೇನ್ರೀ?"

ಪುರುಷೋತ್ತಮ ಬೆವತ. ಚಿಕ್ಕತಾಯಮ್ಮ ಬಗ್ಗಿ ನೋಡಿ ಪಕ್ಕನೆ ನಕ್ಕುಬಿಟ್ಟಳು.

"ತಿಗಣೆನಾ? ಅಯ್ಯೋ ಸಿವನೆ! ಅದು ನಮ್ಮನೆ ಗುರ್ತು ಸೋಮಿ. ಮೂರು ಚುಕ್ಕಿ, ನಮ್ಮತ್ತೆ ಕಾಲ್ದಿಂದ್ಲೂ ಅದೇಯ. ಮುಟ್ಟಿ ನೋಡಿ, ಓಡೋಗ್ತದಾ?"

"ಗುರುತು ಹಾಕೋಕೆ ನಿಮಗೆ ಯಾರಮ್ಮ ಹೇಳಿದ್ದು?"

"ಯೋಳೋದೇನು? ಗುರ್ತಿಲ್ದೆ ಬಟ್ಟೆ ನೀರಿಗಾಕ್ತಾರ? ನಾಳೆ ನಿಮ್ಮದು ಇನ್ನೊಬ್ರಿಗೋದ್ರೆ ಮೊದ್ಲು ಕೂಗಾಡೋರು ನೀವೇಯ."

"ತೆಗೀರಿ ಅದನ್ನ. ಈಗಲೇ ತೆಗೀರಿ."

"ಅದು ಹೋಗಾಕಿಲ್ಲ ಸೋಮಿ. ಹೋಗ್ಬಾರ್ದು ಅಂತ್ಲೇ ಹಾಕೋದು." ಅವಳ ನಗು ಅಲ್ಲಿಗೆ ನಿಂತಿತು. ಪುರುಷೋತ್ತಮನ ಮುಖ ನೋಡಿದಳು. "ನೀವಾದ್ರೂ ಯೋಳಿ. ಬಟ್ಟೆ ಬಿಳುಪು ಹೆಂಗೈತೆ ಅಂತ ಯೋಳಿ. ಮಸಿ ಐತಾ? ಕಲೆ ಐತಾ?"

ಪುರುಷೋತ್ತಮ ಅವಳ ಕಡೆ ತಿರುಗಲಿಲ್ಲ. "ಸಾರಿ ಸಾರ್. ಬಾಯ್ಲರ್ ಶುರುವಾಯ್ತು ಸಾರ್. ಇನ್ಮೇಲೆ ಈ ಜನರ ಕೈಗೆ ಒಂದು ಕರ್ಚೀಫೂ ಕೊಡಲ್ಲ."

ಬಯಲು ಅವಳ ಕೈ ತಪ್ಪಿದ್ದು ಆ ಮಾತಿಗೆ. ಅವಳಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಅವಳು ದನಿ ತಗ್ಗಿಸಿ ಕೇಳಿದಳು:

"ಹೋಗ್ಲಿ, ನಿಮಗೆ ಬ್ಯಾಡಾಂದ್ರೆ ನಮಗೇ ಕೊಡಿ. ಹೊಸಾ ಬಟ್ಟೆ. ಬಾಣಂತೀರು ಅವ್ರೆ, ಕೂಸುಗಳವೆ. ಹಾಸ್ಕೋತೀವಿ."

"ನೋ ನೋ. ನಮ್ಮ ಹೋಟೆಲ್ ಲಿನನ್ ಒಂದು ತುಂಡೂ ಹೊರಗೆ ಕಾಣಬಾರದು. ಇನ್ನೊಂದು ಫೋಟೋ ಬಂದ್ರೆ ಮುಗೀತು." ಸಂದೇಶ್ ಅತ್ತಿತ್ತ ನೋಡಿದರು. ಕಣ್ಣು ನನ್ನ ಮೇಲೆ ಬಿತ್ತು. "ಇದಕ್ಕೇ ಹಾಕಿ ಸುಟ್ಟುಬಿಡಿ. ನಾನು ಇಲ್ಲಿರುವಾಗಲೇ ಆಗಲಿ."

ಮರಿಸ್ವಾಮಿ ಕೈಯಲ್ಲಿ ಸೌದೆ ಹಿಡಿದು ನಿಂತಿದ್ದ.

"ಅಕ್ಕ, ನೀ ಮನೆಗೋಗು."

"ಯಾಕ್ಲಾ? ಒಗಿಯೋವಾಗ ನೋಡಿವ್ನಿ, ಸುಡೋವಾಗ ನೋಡ್ಬಾರ್ದಾ?"

"ಹೋಗಕ್ಕ, ನಿನ್ ಕಾಲಿಗ್ ಬೀಳ್ತೀನಿ."

"ಹಾಕ್ಲಾ. ಒಳ್ಳೆ ಬಿಸ್ಲಲ್ಲಿ ಒಣಗವೆ. ನಿಮ್ಮ ಮಾವ ಒಂದಿನನಾದ್ರೂ ಕೆಮ್ದಂಗೆ ತಿನ್ಲಿ."

ಹಾಕಿದ. ಒಂದೊಂದಾಗಿ ಅಲ್ಲ, ಕಂತೆ ಕಂತೆಯಾಗಿ, ಮುಖ ಆಚೆ ತಿರುಗಿಸಿಕೊಂಡು. ಹಸಿ ನೀಲಗಿರಿ ತಿಂದವನು ನಾನು, ಮೊಳೆ ಹೊಡೆದ ಹಲಗೆ ತಿಂದವನು, ಟಯರಿನ ತುಂಡನ್ನೂ ಕಣ್ಣುಮುಚ್ಚಿ ತಿಂದವನು. ಆವತ್ತಿನದನ್ನು ತಿನ್ನಬಾರದಿತ್ತು ಅಂತ ಅನ್ನಿಸಿತು. ಆದರೆ ಬೆಂಕಿಗೆ ಬಾಯಿ ಮುಚ್ಚಲು ಬರುವುದಿಲ್ಲ. ಭಗ್ಗನೆ ಹತ್ತಿಕೊಂಡವು. ಮೀಟರಿನ ಮುಳ್ಳು ಸರಸರ ಏರಿತು. ಆ ಹಬೆಯಲ್ಲೇ ಹೋಟೆಲಿನ ಹೊಸ ಹಾಸುಗಳ ಮೊದಲ ಕಂತು ಒಣಗಿತು. ಒಣಗಿದ್ದನ್ನು ಸುಟ್ಟು, ಒದ್ದೆಯದನ್ನು ಒಣಗಿಸುವುದು! ಇದರ ಹೊಗೆಯನ್ನು ಯಾವ ಫಲಕದವರು ಯಾರ ತಲೆಗೆ ಬರೆದರು, ಹೇಳಿ ನೋಡೋಣ. ಸಂದೇಶ್ ಕೊನೆಯ ಕಂತೆ ಒಳಗೆ ಹೋಗುವವರೆಗೂ ಕಾದು, ಕಾರಿನ ಗಾಜು ಏರಿಸಿಕೊಂಡು ಹೋದರು. ಚಿಕ್ಕತಾಯಮ್ಮ ಆಮೇಲೂ ನಿಂತಿದ್ದಳು. ಅಳಲಿಲ್ಲ. ಅಳುವವಳಾಗಿದ್ದರೆ ಮರಿಸ್ವಾಮಿಗೆ ಸುಲಭವಾಗುತ್ತಿತ್ತು.

ದಸರಾ ಕಳೆದ ಮೇಲೆ ಪಂಚಾಯಿತಿ ಬಯಲನ್ನು ಪುರುಷೋತ್ತಮನಿಗೆ ಗುತ್ತಿಗೆ ಕೊಟ್ಟಿತು, ಅವನ ಆಳುಗಳು ಗಳುಗಳನ್ನು ಕಿತ್ತರು. ಹಗ್ಗ ಸುತ್ತಿ ಅವಳ ಬಾಗಿಲಿಗೆ ಎಸೆದರು. ಬಯಲಿನ ತುಂಬ ನೀಲಗಿರಿ ಸೌದೆ ಬಿತ್ತು, ಆಳೆತ್ತರ, ಸಾಲು ಸಾಲು. ಅಕ್ಕ ತಮ್ಮನೊಡನೆ ಮಾತು ಬಿಟ್ಟಳು. ಆದರೂ ಅವನಿದ್ದ ಲಾಂಡ್ರಿಗೇ ಕೂಲಿಗೆ ಬಂದಳು. ಕೊಪ್ಪಲಿನಲ್ಲಿ ಬೇರೆ ಏನಿತ್ತು? ಇಸ್ತ್ರಿ ರೋಲರಿಗೆ ಹಾಸು ಕೊಡುವ ಕೆಲಸ. ನನ್ನ ಕಾವಿನ ಮುಂದೆ ನಿಂತು, ಬಿಸಿಲು ಕಾಣದ ಶೆಡ್ಡಿನೊಳಗೆ, ಅವಳ ತೋಳು ದಿನವಿಡೀ ಹೋಗಿ ಬರುತ್ತಿತ್ತು. ಹಾಸಿನ ಮೂಲೆ ಸಿಕ್ಕಾಗ ಒಂದು ಗಳಿಗೆ ಹೆಬ್ಬೆರಳು ಅಲ್ಲಿ ನಿಲ್ಲುತ್ತಿತ್ತು.

ನನ್ನ ಕಾಲವೂ ಮುಗಿಯಿತು. ಕೊಳವೆಗಳು ಒಂದೊಂದೇ ತೂತು ಬಿದ್ದವು. ಇನ್ಸ್‌ಪೆಕ್ಟರು ತಲೆ ಅಲ್ಲಾಡಿಸಿದರು. ನನಗಿಂತ ದೊಡ್ಡ ಹೊಟ್ಟೆಯವನು ಬಂದ. ಅವನ ಚಿಮಣಿ ಎತ್ತರ. ಈಗ ಕೊಪ್ಪಲಿನಲ್ಲಿ ಮಸಿ ಬೀಳುವುದಿಲ್ಲ, ಪುರುಷೋತ್ತಮ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾನೆ. ಅದು ಕೆರೆಯಾಚೆಯ ಊರಿಗೆ ಬೀಳುತ್ತದೆ. ಆ ಊರಿನಲ್ಲಿ ಯಾರು ಏನು ಒಣಹಾಕಿದ್ದಾರೋ ನಾನು ಕಂಡಿಲ್ಲ. ಹೊಗೆಗೆ ಸಾವಿಲ್ಲ, ವಿಳಾಸ ಮಾತ್ರ ಬದಲಾಗುತ್ತದೆ. ನನ್ನ ಜೀವಮಾನದಲ್ಲಿ ಕಲಿತದ್ದು ಇಷ್ಟೇ.

ನನ್ನನ್ನು ಎಳೆದು ತಂದು ಬಯಲಿನ ಮೂಲೆಗೆ, ಬೇವಿನ ಮರದ ಎದುರಿಗೆ ಕೆಡವಿದರು. ಸುತ್ತ ಸೌದೆ, ನಡುವೆ ನಾನು. ನನ್ನ ಮುಂದಿನ ಹತ್ತು ಹೆಜ್ಜೆ ಜಾಗ ಮಾತ್ರ ಖಾಲಿ, ಲಾರಿ ತಿರುಗಲು ಬೇಕು ಅಂತ ಬಿಟ್ಟದ್ದು. ಒಂದು ದಿನ ಊಟದ ಹೊತ್ತಿನಲ್ಲಿ ಚಿಕ್ಕತಾಯಮ್ಮ ಹಗ್ಗ ತಂದಳು. ಒಂದು ತುದಿಯನ್ನು ಬೇವಿಗೆ ಕಟ್ಟಿದಳು. ಇನ್ನೊಂದು ತುದಿಗೆ ಅತ್ತಿತ್ತ ನೋಡಿ, ಬೇರೇನೂ ಸಿಗದೆ, ನನ್ನ ಬಾಗಿಲ ಹಿಡಿಗೆ ಬಿಗಿದಳು. ಬಿಗಿಯುವಾಗ ಕಾಲಿನಿಂದ ನನಗೊಂದು ಒದೆ ಕೊಟ್ಟಳು. ಕೊಡಲಿ. ಆಮೇಲೆ ಮದುವೆಯಾದ ಎರಡನೇ ಮಗಳು ಹೆರಿಗೆಗೆ ಬಂದು ಹೆತ್ತಿದ್ದಾಳಂತೆ. ಕೂಸಿನ ಬಟ್ಟೆಗಳನ್ನು ಹುರಿಯ ಸಂದಿಗೆ ತುರುಕಿ ಹೋದಳು. ಚಿಕ್ಕ ಚಿಕ್ಕ ಚೌಕದ ತುಂಡುಗಳು. ಮಧ್ಯಾಹ್ನದ ಬಿಸಿಲಿಗೆ ಬೇಗ ಒಣಗಿದವು. ಇಷ್ಟು ಕಾಲ ಬಟ್ಟೆ ಒಣಗಿಸಿದವನು ನಾನು. ಏನನ್ನೂ ಸುಡದೆ ಒಣಗಿಸಿದ್ದು ಈಗಲೇ.

ನಿನ್ನೆ ಗುಜರಿಯವನು ಬಂದಿದ್ದ. ನನ್ನ ಸುತ್ತ ಬಂದು, ತಟ್ಟಿ ನೋಡಿ, ಹಗ್ಗ ಅಡ್ಡ ಬಂದದ್ದಕ್ಕೆ ಬಗ್ಗಿ ದಾಟಿದ. ಗ್ಯಾಸ್ ಕಟರ್ ತರಲು ಹೋಗಿದ್ದಾನೆ. ಇಲ್ಲೇ ತುಂಡು ಮಾಡುತ್ತಾರಂತೆ, ಲಾರಿ ತಿರುಗಲು ಆಚೆ ದಾರಿ ಮಾಡಿ ಈ ಜಾಗಕ್ಕೂ ಸೌದೆ ಒಟ್ಟುತ್ತಾರಂತೆ. ಚಿಕ್ಕತಾಯಮ್ಮ ಇವತ್ತೂ ಬಟ್ಟೆ ಹರವಿ ಹೋಗಿದ್ದಾಳೆ. ಅವಳಿಗೆ ಯಾರೂ ಹೇಳಿಲ್ಲ.